ಕೊಟ್ಟ ಮಾತಿಗೆ ಕೊನೆಯಲ್ಲಿ ಷರತ್ತು

ತೆರಿಗೆಯೇ ಬೀಳದ ಬಡ್ಡಿಯನ್ನು ತೆರಿಗೆ ರಿಟರ್ನ್‌ನಲ್ಲಿ ಯಾಕೆ ತೋರಿಸಬೇಕು? ರಿಟರ್ನ್ ಸಲ್ಲಿಸುವ ಗಡುವಾದ ಏಪ್ರಿಲ್ 15 ಹತ್ತಿರವಾದಂತೆ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲೂ ಏಳುವ ಪ್ರಶ್ನೆ ಇದು. ಮಗಳ ಓದಿಗೆಂದು ಅಲ್ಲಿನ ಸರ್ಕಾರದ ಉಳಿತಾಯ ಬಾಂಡ್ ಕೊಂಡು, ವರ್ಷಗಟ್ಟಲೆ ಕಾದು, ಅದನ್ನು ಮುರಿಸಿ ಕಾಲೇಜಿನ ಶುಲ್ಕ ಕಟ್ಟಿದವರು ಒಂದೇ ಒಂದು ಮಾತನ್ನು ನೆಚ್ಚಿಕೊಂಡಿರುತ್ತಾರೆ: ಉನ್ನತ ಶಿಕ್ಷಣಕ್ಕೆ ಬಳಸಿದರೆ ಬಡ್ಡಿಗೆ ಆದಾಯ ತೆರಿಗೆಯಿಲ್ಲ. ಆ ಮಾತು ಸುಳ್ಳಲ್ಲ. ಆದರೆ ಅದಕ್ಕೆ ಅಂಟಿಕೊಂಡ ಷರತ್ತುಗಳು ಬಹುಪಾಲು ಜನರ ಕಣ್ಣಿಗೆ ಬೀಳುವುದು ರಿಟರ್ನ್ ತುಂಬಲು ಕೂತ ದಿನ, ಅಂದರೆ ಬಾಂಡ್ ಕೊಂಡು ಹದಿನೈದು ಇಪ್ಪತ್ತು ವರ್ಷ ಕಳೆದ ಮೇಲೆ.

ವಿನಾಯಿತಿ ಸಿಕ್ಕ ಬಡ್ಡಿಯನ್ನೂ ರಿಟರ್ನ್‌ನಲ್ಲಿ ಪೂರ್ತಿಯಾಗಿ ತೋರಿಸಬೇಕೆಂಬ ನಿಯಮ ನ್ಯಾಯವಾದದ್ದು; ಅದನ್ನು ಹೊರೆ ಎಂದು ಗೊಣಗುವುದು ಸರಿಯಲ್ಲ. ಆದರೆ ಆ ನ್ಯಾಯ ಎರಡೂ ಕಡೆಗೆ ಅನ್ವಯಿಸಬೇಕು. ಪ್ರಜೆ ತನ್ನ ಬಡ್ಡಿಯನ್ನು ಕೊನೆಯ ಡಾಲರ್‌ವರೆಗೆ ಬಿಚ್ಚಿಡಬೇಕು ಎನ್ನುವ ಸರ್ಕಾರ, ವಿನಾಯಿತಿ ಯಾರಿಗೆ ಸಿಗುತ್ತದೆ ಎಂಬುದನ್ನು ಬಾಂಡ್ ಮಾರುವ ದಿನವೇ ಬಿಚ್ಚಿಡಬೇಕು. ಅಮೆರಿಕದ ಉಳಿತಾಯ ಬಾಂಡ್‌ನ ಕಾನೂನು ಮೊದಲನೆಯದನ್ನು ಚೆನ್ನಾಗಿ ಮಾಡುತ್ತದೆ, ಎರಡನೆಯದರಲ್ಲಿ ಸೋಲುತ್ತದೆ.

ಈ ಬಾಂಡ್‌ಗಳ ಚರಿತ್ರೆ ಗೌರವಕ್ಕೆ ಅರ್ಹವಾದದ್ದು. ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ, 1935ರಲ್ಲಿ, ಸಣ್ಣ ಉಳಿತಾಯಗಾರರಿಗೆಂದೇ ಇವು ಶುರುವಾದವು. 1941ರಲ್ಲಿ ‘ಇ’ ಸರಣಿಯ ಮೊದಲ ಬಾಂಡನ್ನು ಅಧ್ಯಕ್ಷ ರೂಸ್‌ವೆಲ್ಟ್ ತಾವೇ ಕೊಂಡರು. ಯುದ್ಧದ ವೆಚ್ಚಕ್ಕೆ ಕೋಟ್ಯಂತರ ಜನ ಹಣ ಕೊಟ್ಟದ್ದು ಆ ಸರಣಿಯ ಮೂಲಕ. 1980ರಲ್ಲಿ ‘ಇಇ’ ಸರಣಿ ಬಂತು, 1998ರಲ್ಲಿ ಬೆಲೆಯೇರಿಕೆಗೆ ತಕ್ಕಂತೆ ಬಡ್ಡಿ ಬದಲಾಗುವ ‘ಐ’ ಸರಣಿ. ಇಂದು ಕೊಳ್ಳುವ ಇಇ ಬಾಂಡ್‌ಗೆ ಬಡ್ಡಿದರ ಏನೇ ಇರಲಿ, ಇಪ್ಪತ್ತು ವರ್ಷ ಇಟ್ಟುಕೊಂಡರೆ ಹಣ ದುಪ್ಪಟ್ಟಾಗುವ ಖಾತರಿ ಇದೆ. ಕೊಂಡ ಮೊದಲ ವರ್ಷ ಮುರಿಸುವಂತಿಲ್ಲ. ಐದು ವರ್ಷದೊಳಗೆ ಮುರಿಸಿದರೆ ಮೂರು ತಿಂಗಳ ಬಡ್ಡಿ ಹೋಗುತ್ತದೆ. ಮೂವತ್ತು ವರ್ಷಕ್ಕೆ ಬಡ್ಡಿ ನಿಲ್ಲುತ್ತದೆ. 2012ರಿಂದ ಬ್ಯಾಂಕುಗಳಲ್ಲಿ ಕಾಗದದ ಬಾಂಡ್ ಸಿಗುವುದಿಲ್ಲ, ಖಜಾನೆ ಇಲಾಖೆಯ ಟ್ರೆಶರಿ ಡೈರೆಕ್ಟ್ ಖಾತೆಯಲ್ಲೇ ಕೊಳ್ಳಬೇಕು. ಒಬ್ಬರು ಒಂದು ವರ್ಷಕ್ಕೆ ಒಂದು ಸರಣಿಯಲ್ಲಿ 10,000 ಡಾಲರ್‌ಗಿಂತ ಹೆಚ್ಚು ಕೊಳ್ಳುವಂತಿಲ್ಲ. 2022ರ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಐ ಬಾಂಡ್‌ನ ಬಡ್ಡಿ ಶೇ 9.62ಕ್ಕೆ ಏರಿದಾಗ, ಅದುವರೆಗೆ ಇವುಗಳ ಹೆಸರೇ ಕೇಳದ ಅನೇಕರು ಖಾತೆ ತೆರೆದರು. ಆ ಬಾಂಡ್‌ಗಳ ಬಡ್ಡಿ ರಿಟರ್ನ್‌ಗೆ ಬರುವ ಕಾಲ ಈಗ ಶುರುವಾಗಿದೆ.

ಈ ಬಡ್ಡಿಗೆ ರಾಜ್ಯಗಳ ಆದಾಯ ತೆರಿಗೆ ಇಲ್ಲ. ಕ್ಯಾಲಿಫೋರ್ನಿಯಾದಂಥ ತೆರಿಗೆ ಹೆಚ್ಚಿರುವ ರಾಜ್ಯದಲ್ಲಿ ಇದು ಸಣ್ಣ ಲಾಭವಲ್ಲ. ಫೆಡರಲ್ ತೆರಿಗೆ ಮಾತ್ರ ಇದೆ, ಆದರೆ ಅದನ್ನು ಬಾಂಡ್ ಮುರಿಸುವ ವರ್ಷದವರೆಗೆ ಮುಂದೂಡಬಹುದು. ಇದರ ಮೇಲೆ ಮೂರನೆಯ ಸೌಲಭ್ಯವೇ ಶಿಕ್ಷಣದ ವಿನಾಯಿತಿ. ರೀಗನ್ ಅಧಿಕಾರಾವಧಿಯ ಕೊನೆಯಲ್ಲಿ, 1988ರಲ್ಲಿ, ಇದು ಕಾನೂನಾಯಿತು; 1990ರಿಂದ ಈಚೆಗೆ ಕೊಂಡ ಬಾಂಡ್‌ಗಳಿಗೆ ಅನ್ವಯಿಸುತ್ತದೆ. ಕಾಲೇಜಿನ ವೆಚ್ಚ ಏರುತ್ತಿದ್ದ ಕಾಲದಲ್ಲಿ ಮಧ್ಯಮ ವರ್ಗದವರು ಮೊದಲೇ ಉಳಿಸಲಿ ಎಂಬುದು ಉದ್ದೇಶ. ಉದ್ದೇಶದಲ್ಲಿ ಯಾವ ತಕರಾರೂ ಇಲ್ಲ.

ಈಗ ತೋರಿಸುವ ವಿಧಾನ ನೋಡೋಣ. ಬಾಂಡ್ ಮುರಿಸಿದ ವರ್ಷ ಬ್ಯಾಂಕ್ ಅಥವಾ ಖಜಾನೆ ಇಲಾಖೆ 1099-ಐಎನ್‌ಟಿ ಎಂಬ ಚೀಟಿ ಕೊಡುತ್ತದೆ. ಅದರ ಮೂರನೆಯ ಚೌಕದಲ್ಲಿ ಬಾಂಡ್‌ನ ಆವರೆಗಿನ ಬಡ್ಡಿಯಿರುತ್ತದೆ. ಅದೇ ಚೀಟಿಯ ಪ್ರತಿ ತೆರಿಗೆ ಇಲಾಖೆಗೂ ಹೋಗುತ್ತದೆ. ಚೀಟಿ ಬರೆದವರಿಗೆ ಆ ಹಣ ಮಗಳ ಶುಲ್ಕಕ್ಕೆ ಹೋಯಿತೋ ಮನೆಯ ಛಾವಣಿಗೆ ಹೋಯಿತೋ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಆದ್ದರಿಂದ ತೆರಿಗೆದಾರ ಷೆಡ್ಯೂಲ್ ಬಿ ಎಂಬ ಹಾಳೆಯಲ್ಲಿ ಮೊದಲು ಇಡೀ ಬಡ್ಡಿಯನ್ನು ಬರೆಯಬೇಕು. ಫಾರ್ಮ್ 8815ರಲ್ಲಿ ಲೆಕ್ಕ ಹಾಕಿದ ವಿನಾಯಿತಿಯ ಮೊತ್ತವನ್ನು ಅದೇ ಹಾಳೆಯ ಮೂರನೆಯ ಸಾಲಿನಲ್ಲಿ ಕಳೆಯಬೇಕು. ಉಳಿದದ್ದು ಮಾತ್ರ ಮುಖ್ಯ ರಿಟರ್ನ್‌ನ 2ಬಿ ಸಾಲಿಗೆ, ತೆರಿಗೆ ಬೀಳುವ ಬಡ್ಡಿಯಾಗಿ ಹೋಗುತ್ತದೆ.

ಹೀಗೆ ತೋರಿಸಿ ಕಳೆಯುವ ಕ್ರಮಕ್ಕೆ ಗಟ್ಟಿಯಾದ ಕಾರಣಗಳಿವೆ. ಇಲಾಖೆಯ ಬಳಿ ಇರುವ ಚೀಟಿಯೂ ತೆರಿಗೆದಾರ ಬರೆದ ಅಂಕಿಯೂ ಒಂದಕ್ಕೊಂದು ತಾಳೆಯಾಗಬೇಕು. ‘ಹೇಗೂ ವಿನಾಯಿತಿ ಇದೆಯಲ್ಲ’ ಎಂದು ಬಡ್ಡಿಯನ್ನೇ ಬಿಟ್ಟುಬಿಟ್ಟವರಿಗೆ ತಾಳೆಯಾಗಲಿಲ್ಲವೆಂಬ ನೋಟಿಸು ಬರುತ್ತದೆ. ಆಮೇಲೆ ವಿವರಿಸುವ ಕಷ್ಟ ಅವರದು. ಇದಕ್ಕಿಂತ ದೊಡ್ಡ ಕಾರಣ ಸಾರ್ವಜನಿಕವಾದದ್ದು. ವಿನಾಯಿತಿ ಎಂದರೆ ಬೊಕ್ಕಸ ಬಿಟ್ಟುಕೊಟ್ಟ ಹಣ. ಯಾರಿಗೆ ಎಷ್ಟು ಬಿಟ್ಟೆವು ಎಂಬ ಲೆಕ್ಕ ಇಲ್ಲದೆ ಅದು ಫಲಿಸಿತೇ, ಮುಂದುವರಿಸಬೇಕೇ ಎಂದು ಯಾವ ಶಾಸನಸಭೆಯೂ ತೀರ್ಮಾನಿಸಲಾರದು. ಪುರಸಭೆ, ರಾಜ್ಯಗಳ ಬಾಂಡ್‌ಗಳಿಂದ ಬರುವ, ಫೆಡರಲ್ ತೆರಿಗೆ ಪೂರ್ತಿ ಮಾಫಿಯಾದ ಬಡ್ಡಿಯನ್ನೂ 2ಎ ಸಾಲಿನಲ್ಲಿ ತೋರಿಸಬೇಕು. ನಿವೃತ್ತರ ಸೋಷಿಯಲ್ ಸೆಕ್ಯುರಿಟಿ ಪಿಂಚಣಿಯ ಎಷ್ಟು ಭಾಗಕ್ಕೆ ತೆರಿಗೆ ಎಂದು ನಿರ್ಧರಿಸುವಾಗ ಆ ಬಡ್ಡಿಯೂ, ಉಳಿತಾಯ ಬಾಂಡ್‌ನ ವಿನಾಯಿತಿ ಪಡೆದ ಬಡ್ಡಿಯೂ ಲೆಕ್ಕಕ್ಕೆ ಬರುತ್ತವೆ. ತೆರಿಗೆಯಿಲ್ಲದ ಆದಾಯವೂ ಆದಾಯವೇ. ಅದು ಮನುಷ್ಯನ ನಿಜವಾದ ಅನುಕೂಲವನ್ನು ಹೇಳುತ್ತದೆ.

ತೋರಿಸಿ ಕಳೆಯುವ ಕ್ರಮ ತೆರಿಗೆದಾರನನ್ನೂ ಕಾಯುತ್ತದೆ. ಕೆಲವರು ಬಡ್ಡಿಯನ್ನು ಕೊನೆಯವರೆಗೆ ಮುಂದೂಡದೆ ವರ್ಷವರ್ಷವೂ ತೋರಿಸುವ ದಾರಿ ಹಿಡಿದಿರುತ್ತಾರೆ. ಅಂಥವರು ಬಾಂಡ್ ಮುರಿಸಿದಾಗಲೂ ಚೀಟಿಯಲ್ಲಿ ಸಾಮಾನ್ಯವಾಗಿ ಇಡೀ ಬಡ್ಡಿಯೇ ಬರುತ್ತದೆ, ಹಿಂದೆ ತೋರಿಸಿದ್ದು ಚೀಟಿ ಕೊಡುವವರಿಗೆ ತಿಳಿಯುವುದಿಲ್ಲ. ಚೀಟಿಯ ಅಂಕಿಯನ್ನಷ್ಟೇ ನಕಲು ಮಾಡಿದರೆ ಒಂದೇ ಬಡ್ಡಿಗೆ ಎರಡು ಸಲ ತೆರಿಗೆ ಕಟ್ಟಿದಂತೆ. ಷೆಡ್ಯೂಲ್ ಬಿಯಲ್ಲಿ ಇಡೀ ಮೊತ್ತ ಬರೆದು, ಕೆಳಗೆ ‘ಉಳಿತಾಯ ಬಾಂಡ್ ಬಡ್ಡಿ, ಹಿಂದೆಯೇ ತೋರಿಸಿದ್ದು’ ಎಂದು ಕಳೆದರೆ ಆ ನಷ್ಟ ತಪ್ಪುತ್ತದೆ. ಇದಕ್ಕೆ ಹಳೆಯ ರಿಟರ್ನ್‌ಗಳ ಪ್ರತಿಗಳು ಕೈಯಲ್ಲಿರಬೇಕು. ಕಾಗದಪತ್ರ ಜೋಪಾನ ಮಾಡಿದವರಿಗೆ ಈ ಕಾನೂನು ಮೋಸ ಮಾಡುವುದಿಲ್ಲ.

ಇಷ್ಟರವರೆಗೆ ಕಾನೂನಿನ ಪರ. ಇನ್ನು ಅದರ ದೋಷ. ಫಾರ್ಮ್ 8815 ಎರಡು ಹಂತದಲ್ಲಿ ಕೈ ಹಾಕುತ್ತದೆ: ಮೊದಲು ಖರ್ಚಿನ ಲೆಕ್ಕ, ಆಮೇಲೆ ಆದಾಯದ ಲೆಕ್ಕ. ಒಂದು ಉದಾಹರಣೆಯಲ್ಲೇ ಪೂರ್ತಿ ನೋಡಬಹುದು.

ಜಂಟಿ ರಿಟರ್ನ್ ಸಲ್ಲಿಸುವ ಒಂದು ದಂಪತಿ 2004ರಲ್ಲಿ 10,000 ಡಾಲರ್ ಕೊಟ್ಟು ಇಇ ಬಾಂಡ್ ಕೊಂಡರು ಎಂದಿಟ್ಟುಕೊಳ್ಳಿ. 2024ರಲ್ಲಿ ಅದು 20,000 ಆಯಿತು: ಅರ್ಧ ಅಸಲು, ಅರ್ಧ ಬಡ್ಡಿ. ಆ ವರ್ಷ ಮಗಳ ಕಾಲೇಜಿಗೆ ಬೋಧನಾ ಶುಲ್ಕ 19,000 ಡಾಲರ್. ಹಾಸ್ಟೆಲ್, ಊಟದ ಖರ್ಚು ಇದಕ್ಕಿಂತ ಹೆಚ್ಚೇ ಇರಬಹುದು, ಆದರೆ ಕಾನೂನು ಅದನ್ನು ಒಪ್ಪುವುದಿಲ್ಲ. ಶಿಕ್ಷಣಕ್ಕೆಂದೇ ಇರುವ ಇನ್ನೊಂದು ತೆರಿಗೆ ರಿಯಾಯಿತಿಗೆ ಇದೇ ಶುಲ್ಕದಲ್ಲಿ 4,000 ತೋರಿಸಿಯಾಗಿದೆ. ಒಂದೇ ಖರ್ಚನ್ನು ಎರಡು ಕಡೆ ತೋರಿಸುವಂತಿಲ್ಲ, ಸರಿಯೇ. ಉಳಿದದ್ದು 15,000. ಬಂದ ಹಣ 20,000, ಒಪ್ಪಿತ ಖರ್ಚು 15,000. ಅಂದರೆ ಮುಕ್ಕಾಲು ಭಾಗ. ಹತ್ತು ಸಾವಿರ ಬಡ್ಡಿಯಲ್ಲಿ 7,500ಕ್ಕೆ ಮಾತ್ರ ವಿನಾಯಿತಿಯ ಅರ್ಹತೆ. ಇಲ್ಲಿಯವರೆಗಿನ ಲೆಕ್ಕ ಯಾರೂ ಒಪ್ಪುವಂಥದ್ದು.

ಎರಡನೆಯ ಹಂತ ಆದಾಯದ್ದು. 2024ರಲ್ಲಿ ಜಂಟಿ ರಿಟರ್ನ್‌ಗೆ ಆದಾಯ 1,45,200 ಡಾಲರ್ ದಾಟುತ್ತಿದ್ದಂತೆ ವಿನಾಯಿತಿ ಕರಗತೊಡಗಿ 1,75,200ಕ್ಕೆ ಪೂರ್ತಿ ಮಾಯವಾಗುತ್ತಿತ್ತು. ಒಂಟಿಯಾಗಿ ಸಲ್ಲಿಸುವವರಿಗೆ ಅದು 96,800ರಿಂದ 1,11,800. ಗಂಡ ಹೆಂಡತಿ ಬೇರೆ ಬೇರೆ ರಿಟರ್ನ್ ಸಲ್ಲಿಸಿದರೆ ವಿನಾಯಿತಿಯೇ ಇಲ್ಲ. ನಮ್ಮ ದಂಪತಿಯ ಬೇರೆಲ್ಲ ಆದಾಯ ಸೇರಿ 1,47,200. ಗಡಿಗಿಂತ ಎರಡು ಸಾವಿರ ಮಾತ್ರ ಹೆಚ್ಚು. ಆದರೆ ಕಾನೂನು ಈ ಲೆಕ್ಕಕ್ಕೆ ಬಾಂಡ್‌ನ ಹತ್ತು ಸಾವಿರ ಬಡ್ಡಿಯನ್ನೂ ಸೇರಿಸಬೇಕು ಎನ್ನುತ್ತದೆ. ಆದಾಯ 1,57,200 ಆಯಿತು; ಗಡಿ ದಾಟಿದ್ದು 12,000. ವಿನಾಯಿತಿ ಕರಗುವ ಮೂವತ್ತು ಸಾವಿರದ ಪಟ್ಟಿಯಲ್ಲಿ ಇದು ಐದರಲ್ಲಿ ಎರಡು ಪಾಲು. ಆದ್ದರಿಂದ 7,500ರಲ್ಲಿ 3,000 ಹೋಯಿತು, ಸಿಕ್ಕ ವಿನಾಯಿತಿ 4,500. ಉಳಿದ 5,500 ಡಾಲರ್ ಬಡ್ಡಿಗೆ ಶೇ 22ರಂತೆ 1,210 ಡಾಲರ್ ತೆರಿಗೆ. ಬಾಂಡ್‌ನ ಬಡ್ಡಿಯನ್ನು ಆದಾಯದ ಲೆಕ್ಕಕ್ಕೆ ಸೇರಿಸದಿದ್ದರೆ ಕಳೆದುಕೊಳ್ಳುತ್ತಿದ್ದದ್ದು ಬರೀ 500, ಸಿಗುತ್ತಿದ್ದ ವಿನಾಯಿತಿ 7,000.

ಇಲ್ಲಿ ನನ್ನ ಆಕ್ಷೇಪ ನೇರವಾದದ್ದು. ಯಾವ ಬಡ್ಡಿಗೆ ವಿನಾಯಿತಿ ಕೊಡುತ್ತೇವೆ ಎಂದು ಕರೆದು ಬಾಂಡ್ ಮಾರಿದರೋ ಆ ಬಡ್ಡಿಯೇ ವಿನಾಯಿತಿಯನ್ನು ತಿಂದುಹಾಕುತ್ತದೆ. ಹೆಚ್ಚು ವರ್ಷ ಕಾದಷ್ಟೂ ಬಡ್ಡಿ ಹೆಚ್ಚು, ಬಡ್ಡಿ ಹೆಚ್ಚಿದಷ್ಟೂ ವಿನಾಯಿತಿ ಕಡಿಮೆ. ತಾಳ್ಮೆಯಿಂದ ಉಳಿಸಿದವರಿಗೇ ಹೆಚ್ಚು ಪೆಟ್ಟು. ಇದನ್ನು ಬಲ್ಲವರು ಬಾಂಡ್‌ಗಳನ್ನು ಒಂದೇ ವರ್ಷ ಮುರಿಸದೆ ಕಾಲೇಜಿನ ನಾಲ್ಕು ವರ್ಷಗಳಿಗೆ ಹಂಚುತ್ತಾರೆ. ಲೆಕ್ಕಪರಿಶೋಧಕರಿಗೆ ಹಣ ಕೊಡಬಲ್ಲ ಮನೆಗೆ ಈ ಬುದ್ಧಿವಾದ ಸಿಗುತ್ತದೆ. ತಾವೇ ರಿಟರ್ನ್ ತುಂಬುವ ಮನೆಗೆ ಸಿಗುವುದಿಲ್ಲ.

ಆದಾಯದ ಪಟ್ಟಿಯ ಅಗಲವನ್ನೂ ಗಮನಿಸಬೇಕು. 1990ರಲ್ಲಿ ಜಂಟಿ ರಿಟರ್ನ್‌ನ ಪಟ್ಟಿ 60,000ರಿಂದ 90,000 ಡಾಲರ್. ಕೆಳಗಿನ ಗಡಿ ಬೆಲೆಯೇರಿಕೆಯ ಜೊತೆ ಏರುತ್ತಾ ಬಂತು, ಆದರೆ ಮೂವತ್ತು ಸಾವಿರದ ಅಗಲ ಅಂದಿನಿಂದ ಇಂದಿಗೂ ಅಷ್ಟೇ. ಅಂದು ಗಡಿಯ ಆದಾಯಕ್ಕಿಂತ ಅರ್ಧದಷ್ಟು ಹೆಚ್ಚು ದುಡಿದವರಿಗೆ ಮಾತ್ರ ವಿನಾಯಿತಿ ಪೂರ್ತಿ ತಪ್ಪುತ್ತಿತ್ತು. ಇಂದು ಐದನೇ ಒಂದು ಭಾಗ ಹೆಚ್ಚು ದುಡಿದರೆ ಸಾಕು. ಯಾವ ಚರ್ಚೆಯೂ ಇಲ್ಲದೆ, ಒಂದು ಅಂಕಿಯನ್ನು ತಿದ್ದದೆ ಬಿಟ್ಟದ್ದರಿಂದಲೇ ಕಾನೂನು ಕಠಿಣವಾಗುತ್ತಾ ಹೋಗಿದೆ.

ಇನ್ನೊಂದು ಷರತ್ತು ಬಾಂಡ್ ಯಾರ ಹೆಸರಲ್ಲಿದೆ ಎಂಬುದು. ಬಾಂಡ್ ಕೊಂಡ ದಿನಕ್ಕೆ ಅದರ ಒಡೆಯರಿಗೆ 24 ವರ್ಷ ತುಂಬಿರಬೇಕು. ಮಗುವಿನ ಹೆಸರಲ್ಲಿ ಕೊಂಡ ಬಾಂಡ್‌ಗೆ, ಮಗುವನ್ನು ಜಂಟಿ ಒಡೆಯನಾಗಿ ಸೇರಿಸಿದ ಬಾಂಡ್‌ಗೆ ಈ ವಿನಾಯಿತಿ ಇಲ್ಲ. ಮಗುವನ್ನು ನಾಮಿನಿ ಮಾಡಬಹುದು, ಅಷ್ಟೇ. ಅಜ್ಜ ಅಜ್ಜಿ ತಮ್ಮ ಹೆಸರಲ್ಲೇ ಕೊಂಡರೂ ಮೊಮ್ಮಗು ತೆರಿಗೆಯ ಲೆಕ್ಕದಲ್ಲಿ ಅವರ ಅವಲಂಬಿತನಾಗಿರದಿದ್ದರೆ ಪ್ರಯೋಜನವಿಲ್ಲ. ಆದರೆ ಮಕ್ಕಳ ಹುಟ್ಟುಹಬ್ಬಕ್ಕೆ, ನಾಮಕರಣಕ್ಕೆ ಜನ ಬಾಂಡ್ ಉಡುಗೊರೆ ಕೊಡುವುದು ಮಗುವಿನ ಹೆಸರಲ್ಲೇ. ಪ್ರೀತಿಯಿಂದ ಮಾಡಿದ, ಯಾರಿಗೂ ತಪ್ಪೆಂದು ತೋರದ ಈ ಆಯ್ಕೆಯೇ ಹದಿನೆಂಟು ವರ್ಷದ ನಂತರ ಅನರ್ಹತೆಯಾಗಿ ಎದುರು ನಿಲ್ಲುತ್ತದೆ.

ಮಗುವಿನ ಹೆಸರಲ್ಲಿ ಬಾಂಡ್ ಇದ್ದವರಿಗೆ ಒಂದು ದಾರಿ ಇದೆ. ಬಡ್ಡಿಯನ್ನು ಮುಂದೂಡದೆ ಮಗುವಿನ ಹೆಸರಲ್ಲೇ ವರ್ಷವರ್ಷ ತೋರಿಸುವ ಆಯ್ಕೆ ಮಾಡಿಕೊಳ್ಳಬಹುದು. ಮೊದಲ ವರ್ಷ ಮಗುವಿನ ಹೆಸರಲ್ಲಿ ಒಂದು ರಿಟರ್ನ್ ಸಲ್ಲಿಸಿ, ಅಲ್ಲಿಯವರೆಗೆ ಸೇರಿದ ಬಡ್ಡಿಯನ್ನೆಲ್ಲ ತೋರಿಸಬೇಕು. 2024ರ ಲೆಕ್ಕದಲ್ಲಿ, ಬೇರೆ ಆದಾಯವಿಲ್ಲದ ಮಗುವಿಗೆ ವರ್ಷಕ್ಕೆ 1,300 ಡಾಲರ್‌ವರೆಗಿನ ಬಡ್ಡಿಗೆ ತೆರಿಗೆ ಬೀಳುವುದಿಲ್ಲ. ಹೀಗೆ ಹಲವು ಮನೆಗಳಲ್ಲಿ ಶಿಕ್ಷಣದ ವಿನಾಯಿತಿಯ ಹಂಗೇ ಇಲ್ಲದೆ ತೆರಿಗೆ ಸೊನ್ನೆಯಾಗುತ್ತದೆ. ಇದೂ ಬಾಂಡ್ ಕೊಂಡ ಹೊಸದರಲ್ಲೇ ತಿಳಿದಿದ್ದರೆ ಮಾತ್ರ ಪೂರ್ತಿ ಉಪಯೋಗ.

ಆದಾಯ ಮಿತಿಯನ್ನು ಸಮರ್ಥಿಸುವವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸಾರ್ವಜನಿಕರ ಹಣದಿಂದ ಕೊಡುವ ರಿಯಾಯಿತಿ ಉಳ್ಳವರಿಗೆ ಯಾಕೆ ಹೋಗಬೇಕು ಎಂದು ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಅದೇ ದೇಶದ ಅದೇ ಕಾನೂನು ಪುರಸಭೆ ಬಾಂಡ್‌ಗಳ ಬಡ್ಡಿಗೆ ಯಾವ ಆದಾಯ ಮಿತಿಯನ್ನೂ ಇಟ್ಟಿಲ್ಲ. ಕೋಟ್ಯಧಿಪತಿ ಎಷ್ಟು ಕೊಂಡರೂ ವಿನಾಯಿತಿ ಉಂಟು. ಕಾಲೇಜಿಗೆಂದೇ ಇರುವ 529 ಯೋಜನೆಗೂ ಆದಾಯ ಮಿತಿ ಇಲ್ಲ. ಅದರಲ್ಲಿ ತೊಡಗಿಸಿದ ಹಣ ಷೇರುಪೇಟೆಯಲ್ಲಿ ಬೆಳೆದು ಬಂದರೂ ಶಿಕ್ಷಣಕ್ಕೆ ಬಳಸಿದರೆ ಲಾಭಕ್ಕೆ ತೆರಿಗೆಯಿಲ್ಲ, ಹಾಸ್ಟೆಲ್ ಊಟದ ಖರ್ಚಿಗೂ ಒಪ್ಪಿಗೆ ಇದೆ. ಷೇರಿನ ಏರಿಳಿತ ತಾಳಬಲ್ಲವರಿಗೆ ಮಿತಿಯಿಲ್ಲದ ರಿಯಾಯಿತಿ, ಅಪಾಯ ಬೇಡವೆಂದು ಸರ್ಕಾರದ ಬಾಂಡ್ ನಂಬಿದವರಿಗೆ ಮಿತಿ. ಸಮಾನತೆಯ ಹೆಸರಲ್ಲಿ ಹಾಕಿದ ಬೇಲಿ ಸಣ್ಣ ಉಳಿತಾಯಗಾರನ ಸುತ್ತ ಮಾತ್ರ ನಿಂತಿದೆ. ಉಳ್ಳವರನ್ನು ತಡೆಯಲು ಬೇರೆ ಬೇಲಿ ಆಗಲೇ ಇದೆ: ವರ್ಷಕ್ಕೆ ಒಂದು ಸರಣಿಯಲ್ಲಿ 10,000 ಡಾಲರ್‌ನ ಖರೀದಿ ಮಿತಿ. ಸಿರಿವಂತನಿಗೆ ಅದರಿಂದಾಚೆ ಈ ಬಾಂಡ್‌ನಲ್ಲಿ ಲಾಭ ಮಾಡಿಕೊಳ್ಳಲು ಜಾಗವೇ ಇಲ್ಲ.

ಭಾರತದ ಪಿಪಿಎಫ್ ಈ ವಿಷಯದಲ್ಲಿ ಒಳ್ಳೆಯ ಹೋಲಿಕೆ. 1968ರಿಂದ ಇರುವ ಈ ಯೋಜನೆಯಲ್ಲಿ ವರ್ಷಕ್ಕೆ ಕಟ್ಟಬಹುದಾದ ಹಣಕ್ಕೆ 1.5 ಲಕ್ಷ ರೂಪಾಯಿಯ ಮಿತಿಯಿದೆ, ಕಟ್ಟುವವರ ಆದಾಯಕ್ಕೆ ಮಿತಿಯಿಲ್ಲ. ಬಡ್ಡಿಯ ದರ ಬದಲಾಗಬಹುದು, ಆದರೆ ಬಡ್ಡಿಗೆ ಆದಾಯ ತೆರಿಗೆಯಿಲ್ಲ ಎಂಬುದು ಅಂಚೆ ಕಚೇರಿಯ ಕಿಟಕಿಯಲ್ಲಿ ಪಾಸ್‌ಬುಕ್ ಪಡೆದ ದಿನವೇ ಗೊತ್ತಿರುತ್ತದೆ. ಆ ಬಡ್ಡಿಯನ್ನು ಭಾರತದ ರಿಟರ್ನ್ ಕೂಡ ವಿನಾಯಿತಿ ಆದಾಯವೆಂದು ತೋರಿಸಲು ಕೇಳುತ್ತದೆ. ನೌಕರರ ಭವಿಷ್ಯ ನಿಧಿಗೆ ವರ್ಷಕ್ಕೆ 2.5 ಲಕ್ಷಕ್ಕಿಂತ ಹೆಚ್ಚು ಕಟ್ಟಿದರೆ ಹೆಚ್ಚುವರಿ ಹಣದ ಬಡ್ಡಿಗೆ ತೆರಿಗೆ ಎಂದು 2021ರಲ್ಲಿ ನಿಯಮ ಬದಲಿಸಿದಾಗಲೂ ಅದು 2021ರ ಏಪ್ರಿಲ್ 1ರ ನಂತರ ಕಟ್ಟಿದ ಹಣಕ್ಕೆ ಅನ್ವಯವಾಯಿತು. ಹಿಂದಿನ ಉಳಿತಾಯಕ್ಕೆ ಕೊಟ್ಟ ಮಾತು ಉಳಿಯಿತು. ವಿನಾಯಿತಿಯನ್ನು ಕಟ್ಟುವ ಹಣಕ್ಕೆ ಮಿತಿ ಹಾಕಿ ನಿಯಂತ್ರಿಸಬಹುದು, ಕೊನೆಯಲ್ಲಿ ಬಂದು ಆದಾಯ ಅಳೆಯಬೇಕಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಎರಡೂ ದೇಶಗಳಲ್ಲಿ ಕಾಲಿಟ್ಟ ಕನ್ನಡಿಗರು ಇನ್ನೊಂದು ಎಚ್ಚರ ವಹಿಸಬೇಕು. ಒಂದು ದೇಶ ಕೊಟ್ಟ ವಿನಾಯಿತಿ ಇನ್ನೊಂದು ದೇಶವನ್ನು ಕಟ್ಟಿಹಾಕುವುದಿಲ್ಲ. ಅಮೆರಿಕದಲ್ಲಿ ತೆರಿಗೆ ನಿವಾಸಿಯಾದವರು ಜಗತ್ತಿನ ಎಲ್ಲ ಕಡೆಯ ಆದಾಯವನ್ನು ಅಲ್ಲಿ ತೋರಿಸಬೇಕು. ಬೆಂಗಳೂರಿನಲ್ಲಿ ಬಿಟ್ಟುಬಂದ ಪಿಪಿಎಫ್ ಖಾತೆಯ ಬಡ್ಡಿ, ಎನ್‌ಆರ್‌ಇ ಠೇವಣಿಯ ಬಡ್ಡಿ ಭಾರತದಲ್ಲಿ ವಿನಾಯಿತಿ ಪಡೆದಿದ್ದರೂ ಅಮೆರಿಕದಲ್ಲಿ ತೆರಿಗೆಗೆ ಒಳಪಡುತ್ತದೆ. ಹೊರದೇಶದ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದಾದರೂ ಒಂದು ದಿನ 10,000 ಡಾಲರ್ ದಾಟಿದ್ದರೆ ಎಫ್‌ಬಿಎಆರ್ ಎಂಬ ಬೇರೆ ವರದಿಯನ್ನೂ ಸಲ್ಲಿಸಬೇಕು. ‘ಊರಿನಲ್ಲಿ ಇದಕ್ಕೆ ತೆರಿಗೆ ಇಲ್ಲ’ ಎಂಬ ನಂಬಿಕೆಯಲ್ಲಿ ಸುಮ್ಮನಿದ್ದವರಿಗೆ ಬೀಳುವ ದಂಡ ದೊಡ್ಡದು. ಹಾಗೆಯೇ ಊರಿಗೆ ಮರಳಿ ಸಾಮಾನ್ಯ ನಿವಾಸಿಯಾದವರು ಅಮೆರಿಕದ ಬಾಂಡ್‌ಗಳನ್ನು ಭಾರತದ ರಿಟರ್ನ್‌ನ ವಿದೇಶಿ ಆಸ್ತಿಗಳ ಪಟ್ಟಿಯಲ್ಲಿ ಕಾಣಿಸಬೇಕು.

ಅಮೆರಿಕದ ಶಾಸಕರು ಮಾಡಬೇಕಾದ ತಿದ್ದುಪಡಿಗಳು ಮೂರು. ಬಾಂಡ್‌ನ ಬಡ್ಡಿಯನ್ನೇ ಆದಾಯ ಮಿತಿಯ ಲೆಕ್ಕಕ್ಕೆ ಸೇರಿಸುವ ನಿಯಮವನ್ನು ಕೈಬಿಡಬೇಕು. ಖರೀದಿಯ ಮಿತಿ ಇರುವುದರಿಂದ ಆದಾಯ ಮಿತಿಯನ್ನು ಪೂರ್ತಿ ತೆಗೆಯಬೇಕು. ಅಷ್ಟಕ್ಕೆ ಮನಸ್ಸಾಗದಿದ್ದರೆ ಪಟ್ಟಿಯ ಅಗಲವನ್ನಾದರೂ ಬೆಲೆಯೇರಿಕೆಗೆ ಜೋಡಿಸಬೇಕು. ಉಡುಗೊರೆಯಾಗಿ ಮಗುವಿನ ಹೆಸರಲ್ಲಿ ಕೊಂಡ ಬಾಂಡನ್ನು ಆ ಮಗುವಿನ ಶಿಕ್ಷಣಕ್ಕೆ ಬಳಸಿದಾಗಲೂ ವಿನಾಯಿತಿ ಕೊಡಬೇಕು. ಖಜಾನೆ ಇಲಾಖೆಗೆ ಕಾನೂನು ಬದಲಾಗುವವರೆಗೆ ಕಾಯುವ ಅಗತ್ಯವಿಲ್ಲದ ಒಂದು ಕೆಲಸವಿದೆ: ಖಾತೆಯಲ್ಲಿ ‘ಕೊಳ್ಳಿ’ ಗುಂಡಿಯ ಪಕ್ಕದಲ್ಲೇ ವಯಸ್ಸು, ಹೆಸರು, ಆದಾಯ, ಖರ್ಚು ಈ ನಾಲ್ಕು ಷರತ್ತುಗಳನ್ನು ನಾಲ್ಕು ಸಾಲಿನಲ್ಲಿ ಬರೆಯುವುದು.

ಉಳಿತಾಯಗಾರನ ಪಾಲಿನ ಕೆಲಸವೂ ಇದೆ. ಬಾಂಡ್ ಯಾರ ಹೆಸರಲ್ಲಿದೆ ಎಂದು ಈಗಲೇ ನೋಡಿಕೊಳ್ಳಬೇಕು. ಸರಣಿ, ಕೊಂಡ ತಿಂಗಳು, ಅಸಲು, ಮುರಿಸಿದ ದಿನ, ಶುಲ್ಕದ ರಸೀದಿ, ಕಾಲೇಜಿನ ವಿಳಾಸ ಇವೆಲ್ಲ ಒಂದೇ ಕಡತದಲ್ಲಿರಬೇಕು. ಮೂವತ್ತು ವರ್ಷ ತುಂಬಿದ ಬಾಂಡ್‌ನ ಬಡ್ಡಿಯನ್ನು ಮುರಿಸದಿದ್ದರೂ ಆ ವರ್ಷವೇ ತೋರಿಸಬೇಕು ಎಂಬುದನ್ನು ನೆನಪಿಡಬೇಕು. ರಿಟರ್ನ್‌ನಲ್ಲಿ ಇಡೀ ಬಡ್ಡಿ ಬರೆದು, ಕಾನೂನು ಬಿಟ್ಟುಕೊಟ್ಟಷ್ಟನ್ನು ಕಳೆದು, ಉಳಿದದ್ದಕ್ಕೆ ತೆರಿಗೆ ಕಟ್ಟಬೇಕು.

ಇಷ್ಟು ಶಿಸ್ತನ್ನು ಪ್ರಜೆಯಿಂದ ಕೇಳುವ ಹಕ್ಕು ಸರ್ಕಾರಕ್ಕಿದೆ. ಇಪ್ಪತ್ತು ವರ್ಷ ಹಣ ಒಪ್ಪಿಸಿ ಕೂತ ಪ್ರಜೆಗೂ, ವಿನಾಯಿತಿ ತನಗೆ ಸಿಗುವುದೋ ಇಲ್ಲವೋ ಎಂದು ಹಣ ಕೊಡುವ ಮೊದಲೇ ತಿಳಿಯುವ ಅಷ್ಟೇ ದೊಡ್ಡ ಹಕ್ಕಿದೆ. ಶಾಸನಸಭೆ ಆ ಹಕ್ಕನ್ನು ಒಪ್ಪಿ ಕಾನೂನು ತಿದ್ದುವವರೆಗೆ, ಕಾಲೇಜು ಶಿಕ್ಷಣದ ಹೆಸರು ಹೇಳಿ ಈ ಬಾಂಡ್ ಮಾರುವುದು ನ್ಯಾಯವಲ್ಲ.